ಬಿಡುಗಡೆಯ ಕಾಗದ

ದೆಹಲಿಯಲ್ಲಿ ನೆಲೆಸಿರುವ ನಮ್ಮಲ್ಲಿ ಹಲವರಿಗೆ 1982ರ ಏಷ್ಯನ್ ಕ್ರೀಡಾಕೂಟವೆಂದರೆ ಅಪ್ಪು ಎಂಬ ಆನೆಮರಿ, ಬಣ್ಣದ ಟಿ.ವಿ., ಹೊಸ ಮೇಲ್ಸೇತುವೆಗಳು ನೆನಪಾಗುತ್ತವೆ. ಆ ಮೇಲ್ಸೇತುವೆಗಳ ಮೇಲೆಯೇ ನಾವು ಇಂದಿಗೂ ಕಚೇರಿಗೆ ಹೋಗಿಬರುತ್ತೇವೆ. ಅಂದಿನ ಕಾಮಗಾರಿಗಳಲ್ಲಿ ದುಡಿದವರ ಕೂಲಿಯ ಲೆಕ್ಕವೊಂದು ಸರ್ವೋಚ್ಚ ನ್ಯಾಯಾಲಯದ ತೀರ್ಪಿನಲ್ಲಿ ಉಳಿದುಕೊಂಡಿದೆ. ಆಗ ಕನಿಷ್ಠ ದಿನಗೂಲಿ 9 ರೂಪಾಯಿ 25 ಪೈಸೆ. ದೂರದ ಊರುಗಳಿಂದ ಆಳುಗಳನ್ನು ಕರೆತಂದ ಜಮಾದಾರರು ತಲೆಗೆ ಒಂದು ರೂಪಾಯಿ ಮುರಿದುಕೊಂಡು 8 ರೂಪಾಯಿ 25 ಪೈಸೆಯನ್ನು ಮಾತ್ರ ಕೈಗೆ ಕೊಡುತ್ತಿದ್ದರು.

ಕೇವಲ ಒಂದು ರೂಪಾಯಿ ಎನ್ನಬಹುದು. ನ್ಯಾಯಮೂರ್ತಿ ಪಿ.ಎನ್. ಭಗವತಿಯವರಿದ್ದ ಪೀಠವು ಹಾಗೆ ಎನ್ನಲಿಲ್ಲ. ಕನಿಷ್ಠ ಕೂಲಿಗಿಂತ ಕಡಿಮೆಗೆ ಒಬ್ಬನು ದುಡಿಯಲು ಒಪ್ಪಿದ್ದಾನೆಂದರೆ ಅವನನ್ನು ಒಪ್ಪಿಸಿದ್ದು ಹಸಿವು. ಹಸಿವಿನ ಒತ್ತಾಯವೂ ಒತ್ತಾಯವೇ. ಆದ್ದರಿಂದ ಅದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆ ಎಂದು 1982ರ ಸೆಪ್ಟೆಂಬರ್ 18ರಂದು ತೀರ್ಪಿತ್ತಿತು.

ಗುಲಾಮಗಿರಿ ಎಂದೊಡನೆ ನಮ್ಮ ಕಣ್ಣೆದುರು ಬರುವುದು ಸಂಕೋಲೆ, ಹಡಗು, ಹರಾಜುಕಟ್ಟೆ. ಇಂಗ್ಲಿಷ್ ಸಾಹಿತ್ಯ ಓದಿದ ನಮ್ಮಂಥವರು ಫ್ರೆಡರಿಕ್ ಡಗ್ಲಾಸ್ 1845ರಲ್ಲಿ ಪ್ರಕಟಿಸಿದ ಆತ್ಮಕಥೆಯನ್ನು ಮೆಚ್ಚಿ, ಅದನ್ನು ಅಮೆರಿಕದ ಕಥೆಯೆಂದು ಎತ್ತಿಟ್ಟುಬಿಡುತ್ತೇವೆ. ಆದರೆ ‘ಜೀತ’ ಎಂಬ ಪದ ನಮಗೆ ಯಾವ ನಿಘಂಟಿನಿಂದಲೂ ಬಂದದ್ದಲ್ಲ. ಕಾರಂತರ ‘ಚೋಮನ ದುಡಿ’ಯ ಚೋಮನ ಕಾಲಿಗೆ ಸರಪಳಿಯಿರಲಿಲ್ಲ, ಇದ್ದದ್ದು ಸಾಲ. ಅದನ್ನು ತೀರಿಸಲೆಂದು ಮಕ್ಕಳು ಘಟ್ಟದ ಕಾಫಿ ತೋಟ ಸೇರಿದರು. ದುಡಿಮೆಯನ್ನು ನುಂಗುತ್ತಲೇ ಹೋಗುವ, ಎಂದಿಗೂ ಮುಗಿಯದ ಇಂಥ ಸಾಲದ ಜೀತವನ್ನು ವಿಶ್ವಸಂಸ್ಥೆಯು 1956ರ ಪೂರಕ ಒಪ್ಪಂದದಲ್ಲಿ ಗುಲಾಮಗಿರಿಗೆ ಸಮಾನವಾದ ಪದ್ಧತಿಗಳ ಸಾಲಿಗೆ ಸೇರಿಸಿತು. ಭಾರತದಲ್ಲಿ ಜೀತಪದ್ಧತಿ ರದ್ದಾದದ್ದು 1975ರ ಅಕ್ಟೋಬರ್‌ನಲ್ಲಿ, ಸುಗ್ರೀವಾಜ್ಞೆಯ ಮೂಲಕ. 1976ರಲ್ಲಿ ಅದು ಕಾಯಿದೆಯಾಯಿತು. ಜೀತದಾಳುಗಳು ಬಂಧಮುಕ್ತರು, ಅವರ ಜೀತದ ಸಾಲವೂ ರದ್ದು ಎಂದು ಕಾಯಿದೆ ಸಾರಿತು.

ಕಾಯಿದೆ ಸಾರಿದ ಮಾತು ದೆಹಲಿಯ ಗಡಿಯಾಚೆಗಿನ ಫರೀದಾಬಾದಿನ ಕಲ್ಲುಕ್ವಾರಿಗಳನ್ನು ತಲುಪಿರಲಿಲ್ಲ. 1982ರ ಫೆಬ್ರವರಿಯಲ್ಲಿ ಬಂಧುವಾ ಮುಕ್ತಿ ಮೋರ್ಚಾ ಅಲ್ಲಿನ ಕೂಲಿಕಾರರ ಸ್ಥಿತಿಯನ್ನು ವಿವರಿಸಿ ನ್ಯಾಯಾಲಯಕ್ಕೆ ಒಂದು ಪತ್ರ ಬರೆಯಿತು. ನ್ಯಾಯಾಲಯವು ಆ ಪತ್ರವನ್ನೇ ರಿಟ್ ಅರ್ಜಿಯಾಗಿ ಸ್ವೀಕರಿಸಿ ಇಬ್ಬರು ವಕೀಲರನ್ನು ಸ್ಥಳ ಪರಿಶೀಲನೆಗೆ ಕಳುಹಿಸಿತು. ಅವರು ಕಂಡದ್ದು ಉಸಿರು ಕಟ್ಟುವ ಕ್ರಷರ್ ಧೂಳು, ಕುಡಿಯಲು ಕೊಳಕು ನೀರು, ಕಲ್ಲು ಪೇರಿಸಿ ಹುಲ್ಲು ಹೊದಿಸಿದ ಜೋಪಡಿಗಳು. ಬಂಡೆ ಸಿಡಿಸುವ ಮದ್ದಿನ ಖರ್ಚನ್ನೂ ಕೂಲಿಕಾರರೇ ಭರಿಸಬೇಕಾಗಿತ್ತು. ಕೆಲಸ ಬಿಟ್ಟು ಹೋಗಲು ತಮಗೆ ಬಿಡುವುದಿಲ್ಲ ಎಂದು ಕೆಲವರು ಹೇಳಿದರು.

ಹರಿಯಾಣ ಸರ್ಕಾರದ ವಾದ ಗಮನಿಸತಕ್ಕದ್ದು. ಅವರು ಬಲವಂತಕ್ಕೆ ಒಳಗಾಗಿ ದುಡಿಯುತ್ತಿರಬಹುದು. ಆದರೆ ಮುಂಗಡ ಪಡೆದದ್ದನ್ನು ರುಜುವಾತುಪಡಿಸದ ಹೊರತು ಕಾಯಿದೆಯ ಪ್ರಕಾರ ಜೀತದಾಳುಗಳಲ್ಲ ಎಂದು ಅದು ಹೇಳಿತು. ಸಾಲದ ಲೆಕ್ಕವಿರುವುದು ಒಡೆಯನ ಕೈಯಲ್ಲಿ. ಪುರಾವೆ ತರಬೇಕಾದವನು ಅಕ್ಷರ ಬಾರದ ಆಳು! 1983ರ ಡಿಸೆಂಬರ್ 16ರ ತೀರ್ಪು ಈ ವಾದವನ್ನು ತಿರಸ್ಕರಿಸಿತು. ಬಲವಂತದ ದುಡಿಮೆ ಕಂಡುಬಂದಲ್ಲಿ ಅದರ ಹಿಂದೆ ಮುಂಗಡವೋ ಸಾಲವೋ ಇದೆಯೆಂದೇ ಭಾವಿಸಬೇಕು. ಅಲ್ಲವೆಂದು ತೋರಿಸುವ ಹೊಣೆ ಮಾಲೀಕನದು ಮತ್ತು ಸರ್ಕಾರದ್ದು ಎಂದಿತು. ಕಡತಗಳ ನಡುವೆ ಬದುಕುವ ನಮಗೆ ಇದರ ಬೆಲೆ ಬೇಗ ಅರ್ಥವಾಗುತ್ತದೆ. ಪುರಾವೆಯ ಭಾರವನ್ನು ಯಾರ ಹೆಗಲಿಗೆ ಹೊರಿಸುತ್ತೇವೆ ಎಂಬುದರ ಮೇಲೆಯೇ ಎಷ್ಟೋ ಅರ್ಜಿಗಳ ಹಣೆಬರಹ ನಿಂತಿರುತ್ತದೆ.

ಬಿಡುಗಡೆಯಾದ ಮೇಲೆ ಏನು? ಆ ಪ್ರಶ್ನೆಯೂ ಇದೇ ಫರೀದಾಬಾದಿನಿಂದಲೇ ಹುಟ್ಟಿತು. 1982ರ ಮಾರ್ಚ್‌ನಲ್ಲಿ ಅಲ್ಲಿಂದ ಬಿಡುಗಡೆಗೊಂಡ ಸುಮಾರು 135 ಮಂದಿಯನ್ನು ಪುನರ್ವಸತಿಯ ಭರವಸೆಯೊಂದಿಗೆ ಅಂದಿನ ಮಧ್ಯಪ್ರದೇಶದ ಬಿಲಾಸಪುರ ಜಿಲ್ಲೆಯ ಅವರವರ ಹಳ್ಳಿಗಳಿಗೆ ಕರೆದೊಯ್ಯಲಾಯಿತು. ಆರು ತಿಂಗಳ ನಂತರ ಪತ್ರಕರ್ತೆ ನೀರಜಾ ಚೌಧರಿ ಅಲ್ಲಿಗೆ ಹೋಗಿ ನೋಡಿದಾಗ ಭರವಸೆ ಭರವಸೆಯಾಗಿಯೇ ಉಳಿದಿತ್ತು. ಬಿಡುಗಡೆಯಾದವರು ಹಸಿವಿನ ಅಂಚಿನಲ್ಲಿದ್ದರು. ಅವರು ಬರೆದ ಪತ್ರವೂ ರಿಟ್ ಅರ್ಜಿಯಾಯಿತು. ಪುನರ್ವಸತಿಯಿಲ್ಲದ ಬಿಡುಗಡೆ ಮನುಷ್ಯನನ್ನು ಮತ್ತೆ ಅದೇ ಜೀತಕ್ಕೆ ತಳ್ಳುತ್ತದೆ ಎಂದು 1984ರಲ್ಲಿ ನ್ಯಾಯಾಲಯ ಹೇಳಬೇಕಾಯಿತು.

ಇದು ನಮ್ಮ ದೇಶವೊಂದರದೇ ಕಥೆಯಲ್ಲ. ಪಶ್ಚಿಮ ಆಫ್ರಿಕದ ನೈಜರ್ ದೇಶದ ಹದಿಜಾತು ಮಾನಿ ಎಂಬ ಹೆಣ್ಣುಮಗಳ ಅನುಭವ ಇನ್ನೂ ಕಠೋರವಾದುದು. 1996ರಲ್ಲಿ, ಹನ್ನೆರಡು ವರ್ಷದ ಬಾಲಕಿಯಾಗಿದ್ದಾಗ, ಅವರನ್ನು 2,40,000 ಸಿ.ಎಫ್.ಎ. ಫ್ರಾಂಕುಗಳಿಗೆ ಮಾರಲಾಯಿತು. ನಾಲ್ವರು ಹೆಂಡಿರಿರುವ ಗಂಡಸು ಐದನೆಯವಳಾಗಿ ದಾಸಿಯೊಬ್ಬಳನ್ನು ಕೊಳ್ಳುವ ‘ವಾಹಿಯಾ’ ಎಂಬ ರೂಢಿ ಅಲ್ಲಿತ್ತು. ಸುಮಾರು ಒಂಬತ್ತು ವರ್ಷ ಹೊಲದ ಕೆಲಸ, ಮನೆಯ ಚಾಕರಿ, ಹೊಡೆತ, ಅತ್ಯಾಚಾರ. 2003ರಲ್ಲಿ ನೈಜರ್ ಗುಲಾಮಗಿರಿಯನ್ನು ಅಪರಾಧವೆಂದು ಘೋಷಿಸಿತು. 2005ರ ಆಗಸ್ಟ್‌ನಲ್ಲಿ ಒಡೆಯನು ಅವರಿಗೆ ಒಂದು ವಿಮೋಚನಾ ಪತ್ರ ಕೊಟ್ಟನು.

ಪತ್ರವನ್ನು ಕೊಟ್ಟವನು ಆಕೆಯನ್ನು ಮಾತ್ರ ಬಿಡಲಿಲ್ಲ. ‘ಈಕೆ ನನ್ನ ಹೆಂಡತಿ’ ಎಂದನು. ಟಿಮಿದ್ರಿಯಾ ಎಂಬ ಸ್ಥಳೀಯ ಸಂಘಟನೆಯ ನೆರವಿನಿಂದ ಮಾನಿ ಕೋನಿ ಪಟ್ಟಣದ ನ್ಯಾಯಾಲಯಕ್ಕೆ ಹೋದರು. ಮದುವೆಯೇ ಆಗಿಲ್ಲವೆಂದು ಅದು ತೀರ್ಪಿತ್ತಿತು. ಆಕೆ ತಾವು ಮೆಚ್ಚಿದವರನ್ನು ವರಿಸಿದರು. ಮೇಲ್ಮನವಿಯಲ್ಲಿ ತೀರ್ಪು ತಿರುಗಿತು. ದ್ವಿವಿವಾಹದ ಆರೋಪದ ಮೇಲೆ ಆರು ತಿಂಗಳ ಸೆರೆಮನೆ ಶಿಕ್ಷೆಯಾಯಿತು. ಮಾರಾಟವಾದವಳೇ ಅಪರಾಧಿಯಾದಳು. ಎರಡು ತಿಂಗಳಷ್ಟು ಸೆರೆಯಲ್ಲಿದ್ದು ಹೊರಬಂದ ಮಾನಿ ಹಿಂಜರಿಯಲಿಲ್ಲ. ಪಶ್ಚಿಮ ಆಫ್ರಿಕದ ರಾಷ್ಟ್ರಗಳ ಒಕ್ಕೂಟದ ನ್ಯಾಯಾಲಯದಲ್ಲಿ ತಮ್ಮ ಸರ್ಕಾರದ ಮೇಲೆಯೇ ದಾವೆ ಹೂಡಿದರು. 2008ರ ಅಕ್ಟೋಬರ್ 27ರಂದು ಆ ನ್ಯಾಯಾಲಯವು, ಗುಲಾಮಗಿರಿಯನ್ನು ಕಂಡೂ ಮದುವೆಯ ಪ್ರಶ್ನೆಯೆಂಬಂತೆ ವಿಚಾರಿಸಿದ ನೈಜರ್ ತನ್ನ ಪ್ರಜೆಯನ್ನು ರಕ್ಷಿಸಲಿಲ್ಲವೆಂದು ಹೇಳಿ, ಒಂದು ಕೋಟಿ ಫ್ರಾಂಕುಗಳ ಪರಿಹಾರ ಕೊಡಿಸಿತು.

ಬಿಲಾಸಪುರದವರ ಬಿಡುಗಡೆಗೂ ಮಾನಿಯವರ ವಿಮೋಚನಾ ಪತ್ರಕ್ಕೂ ಸಮಾನವಾದ ಅಂಶವೊಂದಿದೆ. ಎರಡೂ ಕಡೆ ಗುಲಾಮಗಿರಿ ಕಾಗದದ ಮೇಲೆ ಮುಗಿದಿತ್ತು; ಅದು ಮುಗಿದಿಲ್ಲವೆಂಬ ಸತ್ಯ ಅನುಭವಿಸಿದವರ ದೇಹಕ್ಕೆ ಮಾತ್ರ ಗೊತ್ತಿತ್ತು. ಅವರು ಅಥವಾ ಅವರ ಪರವಾಗಿ ಒಬ್ಬರು ಬಾಯಿ ತೆರೆದ ಮೇಲಷ್ಟೇ ಕಾನೂನು ಎಚ್ಚರಗೊಂಡಿತು.

ಹಾಗೆಂದು ಕಾಗದವನ್ನು ಹಗುರವಾಗಿ ಕಾಣುವಂತಿಲ್ಲ. ನಮ್ಮ ದೇಶದಲ್ಲಿ ಇಂದಿಗೂ ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿ ಕೊಡುವ ಬಿಡುಗಡೆ ಪ್ರಮಾಣಪತ್ರವೇ ಜೀತಮುಕ್ತರ ಪಾಲಿನ ಮೊದಲ ಆಸರೆ. ಕೇಂದ್ರ ಸರ್ಕಾರದ 2016ರ ಯೋಜನೆ ಪುನರ್ವಸತಿಯ ಮೊತ್ತವನ್ನು ಒಂದು ಲಕ್ಷದಿಂದ ಮೂರು ಲಕ್ಷ ರೂಪಾಯಿಗಳವರೆಗೆ ಏರಿಸಿತು. ಆದರೆ ತಕ್ಷಣದ ನೆರವನ್ನು ಬಿಟ್ಟು ಉಳಿದ ಹಣವನ್ನು ಆರೋಪಿಗೆ ಶಿಕ್ಷೆಯಾಗುವುದರ ಜೊತೆಗೆ ಗಂಟುಹಾಕಿತು. ನಮ್ಮ ನ್ಯಾಯಾಲಯಗಳಲ್ಲಿ ಮೊಕದ್ದಮೆಗಳು ಎಷ್ಟು ವರ್ಷ ನಡೆಯುತ್ತವೆಂದು ಬಲ್ಲವರಿಗೆ ಈ ಗಂಟಿನ ಬಿಗಿ ತಿಳಿಯುತ್ತದೆ.

ಸರ್ಕಾರಿ ಕೆಲಸದಲ್ಲಿರುವ ನಾವು ಕಡತವೊಂದನ್ನು ವಿಲೇವಾರಿ ಮಾಡಿದ ದಿನ ಕೆಲಸ ಮುಗಿಯಿತೆಂದು ನೆಮ್ಮದಿಯಿಂದ ಮನೆಗೆ ಹೋಗುತ್ತೇವೆ. ಬಿಲಾಸಪುರದ ಹಳ್ಳಿಗಳಿಗೆ ಆರು ತಿಂಗಳ ಬಳಿಕ ಒಬ್ಬರು ಹೋಗಿ, ‘ಈಗ ಹೇಗಿದ್ದೀರಿ?’ ಎಂದು ವಿಚಾರಿಸದೆ ಇದ್ದಿದ್ದರೆ ಆ ಕಡತವೂ ಅಲ್ಲಿಗೇ ಮುಗಿಯುತ್ತಿತ್ತು.