ಅಪ್ಪನನ್ನು ನೋಡಲು ರಸ್ತೆ ಬದಿಗೆ

1984ರ ಜುಲೈ 3ರಂದು ಪ್ಯಾರಿಸ್ ಹತ್ತಿರದ ಒಂದು ಊರಿನಲ್ಲಿ ನಿಕೊಲಾಸ್ ರೋಶ್ ಹುಟ್ಟಿದ. ಅವನ ಅಪ್ಪ, ಐರ್ಲೆಂಡಿನ ಸೈಕಲ್ ಸವಾರ ಸ್ಟೀಫನ್ ರೋಶ್, ಆಗ ಟೂರ್ ಡಿ ಫ್ರಾನ್ಸ್ ಓಡುತ್ತಿದ್ದ. ಆ ವರ್ಷ ರೇಸ್ ಜೂನ್ 29ಕ್ಕೆ ಹೊರಟು ಜುಲೈ 22ಕ್ಕೆ ಮುಗಿಯಿತು. ರೋಶ್ ಗೆಲ್ಲಲಿಲ್ಲ, 25ನೆಯವನಾಗಿ ಬಂದ. ಮೂರು ವರ್ಷದ ನಂತರ ಮಗನ ಮೂರನೇ ಹುಟ್ಟುಹಬ್ಬ ಬಂದಾಗಲೂ ಅಪ್ಪ ಮನೆಯಲ್ಲಿರಲಿಲ್ಲ. 1987ರ ಟೂರ್ ಜುಲೈ 1ಕ್ಕೆ ಪಶ್ಚಿಮ ಬರ್ಲಿನ್‌ನಿಂದ ಹೊರಟಿತ್ತು, ಆ ಸಲ ಅದನ್ನು ಗೆದ್ದವನೇ ರೋಶ್. ಮಗ ಬೆಳೆದು ತಾನೂ ವೃತ್ತಿಪರ ಸವಾರನಾದ, ಟೂರ್ ಓಡಿದ. ಜುಲೈಯಲ್ಲಿ ಹುಟ್ಟಿದವನು ಈ ಕಸುಬು ಹಿಡಿದರೆ ಮನೆಯಲ್ಲಿ ಕೇಕ್ ಕತ್ತರಿಸುವ ಯೋಗ ಇಲ್ಲವೆಂದೇ ಲೆಕ್ಕ.

ಸೈಕಲ್ ರೇಸಿಂಗಿನ ಚರಿತ್ರೆಯನ್ನು ನಾವು ಓದುವುದು ಗೆದ್ದವರ ಪಟ್ಟಿಯಾಗಿ, ಬೆಟ್ಟಗಳ ಹೆಸರಾಗಿ, ಈಚೆಗೆ ಡೋಪಿಂಗ್ ಹಗರಣಗಳ ಸಾಲಾಗಿ. ಅದನ್ನೇ ಸವಾರರ ಮನೆಯ ಕಡೆಯಿಂದ ಓದಿದರೆ ಬೇರೆಯೇ ಪ್ರಶ್ನೆ ಎದುರಾಗುತ್ತದೆ. ಚಿಕ್ಕ ಮಕ್ಕಳನ್ನು ಕರೆದುಕೊಂಡು ಅಪ್ಪನನ್ನೋ ಅಮ್ಮನನ್ನೋ ನೋಡಲು ಹೋದವರಿಗೆ ಈ ಆಟ ಎಷ್ಟು ಜಾಗ ಕೊಟ್ಟಿತು? ಬಹಳ ಕಾಲದವರೆಗೆ, ರಸ್ತೆ ಬದಿಯಲ್ಲಿ ನಿಲ್ಲುವಷ್ಟು. ಅಷ್ಟೇ.

ಕ್ರಿಕೆಟ್ ನೋಡಿ ಬೆಳೆದ ನಮಗೆ ಆ ರಸ್ತೆ ಬದಿ ಎಂದರೇನು ಎಂದು ಸ್ವಲ್ಪ ವಿವರಿಸಬೇಕು. ಟೂರ್‌ಗೆ ಸ್ಟೇಡಿಯಂ ಇಲ್ಲ. ಮೂರು ವಾರ, 21 ಹಂತ, ಸುಮಾರು 3,400 ಕಿಲೋಮೀಟರ್, ನಡುವೆ ಎರಡು ವಿಶ್ರಾಂತಿ ದಿನ. ನಮ್ಮ ಯಕ್ಷಗಾನ ಮೇಳಗಳ ತಿರುಗಾಟದ ಹಾಗೆ ದಿನಕ್ಕೊಂದು ಊರು, ರಾತ್ರಿಗೊಂದು ಬಿಡಾರ. ಯಾವ ತಂಡ ಯಾವ ಹೋಟೆಲಿನಲ್ಲಿ ಮಲಗಬೇಕೆಂದು ಹೇಳುವವರು ಸಂಘಟಕರು; ಸವಾರರಿಗೆ ಸಾಮಾನ್ಯವಾಗಿ ಇಬ್ಬರಿಗೊಂದು ಕೋಣೆ. ನೋಡಲು ಬಂದ ಸಂಸಾರ ತನ್ನ ವಸತಿ, ತನ್ನ ಕಾರು, ತನ್ನ ಊಟ ಎಲ್ಲವನ್ನೂ ತಾನೇ ಹೊಂದಿಸಿಕೊಳ್ಳಬೇಕು. ರಸ್ತೆಯನ್ನು ಗಂಟೆಗಟ್ಟಲೆ ಮೊದಲೇ ಮುಚ್ಚುವುದರಿಂದ ಬೆಳಿಗ್ಗೆಯೇ ಹೋಗಿ ಜಾಗ ಹಿಡಿಯಬೇಕು. ಆಮೇಲೆ ಬಿಸಿಲಲ್ಲಿ ಕಾಯುವುದು. ಎರಡು ವರ್ಷದ ಮಗುವಿಗೆ ನೆರಳು, ನೀರು, ಡೈಪರ್, ನಿದ್ದೆ.

ಇಷ್ಟು ಕಾದ ಮೇಲೆ ಸಿಗುವುದೇನು? ಸಮತಟ್ಟು ರಸ್ತೆಯಲ್ಲಿ ನೂರೈವತ್ತಕ್ಕೂ ಹೆಚ್ಚು ಸವಾರರ ಗುಂಪು ಗಂಟೆಗೆ 40 ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಬರುತ್ತದೆ. ಒಂದು ಗಾಳಿ, ಚೈನುಗಳ ಸದ್ದು, ಬಣ್ಣದ ಒಂದು ಪಟ್ಟಿ, ಮುಗಿಯಿತು. ಅದರಲ್ಲಿ ಅಪ್ಪ ಯಾರು ಎಂದು ಅಮ್ಮ ಬೆರಳು ಚಾಚುವಷ್ಟರಲ್ಲಿ ಹಿಂದಿನ ಕಾರುಗಳು ಬಂದಿರುತ್ತವೆ. ಅದಕ್ಕೇ ತಿಳಿದವರು ಬೆಟ್ಟಕ್ಕೆ ಹೋಗುತ್ತಾರೆ. ಏರಿನಲ್ಲಿ ಗುಂಪು ಒಡೆದು ಒಬ್ಬೊಬ್ಬರಾಗಿ ಬರುತ್ತಾರೆ, ಮುಖ ಕಾಣುತ್ತದೆ. ಆದರೆ ಮಗು ನೋಡುವುದು ಯಾವ ಮುಖವನ್ನು? ಬಾಯಿ ತೆರೆದು, ಉಪ್ಪು ಕಟ್ಟಿ, ಯಾರನ್ನೂ ಗುರುತಿಸದೆ ಸಾಗುವ ಮುಖವನ್ನು.

ನಿಜ ಹೇಳಬೇಕೆಂದರೆ ಮಕ್ಕಳಿಗೆ ಟೂರ್ ಎಂದರೆ ಸವಾರರಿಗಿಂತ ಮೊದಲು ಬರುವ ಪ್ರಚಾರ ವಾಹನಗಳ ಮೆರವಣಿಗೆ. ಟೋಪಿ, ಮಿಠಾಯಿ, ಕೀ ಚೈನು ಎಸೆಯುತ್ತಾ ಹೋಗುವ ಈ ಮೆರವಣಿಗೆ ಶುರುವಾದದ್ದು 1930ರಲ್ಲಿ. ಟೂರ್‌ನ ಸ್ಥಾಪಕ ಆನ್ರಿ ದೆಗ್ರಾಂಜ್ ಆ ವರ್ಷ ಸೈಕಲ್ ಕಂಪನಿಗಳ ತಂಡಗಳನ್ನು ತೆಗೆದು ರಾಷ್ಟ್ರೀಯ ತಂಡಗಳನ್ನು ತಂದ. ಕಂಪನಿಗಳ ದುಡ್ಡು ನಿಂತಾಗ ಖರ್ಚು ಸರಿದೂಗಿಸಲು ಜಾಹೀರಾತುದಾರರಿಗೆ ರಸ್ತೆ ಮಾರಿದ. ಮಕ್ಕಳ ಸಂಭ್ರಮ ಆ ಲೆಕ್ಕಾಚಾರದ ಉಪ ಉತ್ಪನ್ನ. ಅದು ಪೂರ್ತಿ ನಿರುಪದ್ರವಿಯೂ ಅಲ್ಲ: 2000ದಲ್ಲಿ ಮತ್ತು 2002ರಲ್ಲಿ ಈ ವಾಹನಗಳಿಗೆ ಸಿಕ್ಕಿ ಒಂದೊಂದು ಮಗು ಸತ್ತಿತು.

ರಸ್ತೆಯ ಕಥೆ ಹೀಗಾದರೆ ಹೋಟೆಲಿನ ಬಾಗಿಲು ಇನ್ನೂ ಬಿಗಿ. ಹೆಂಡತಿಯರು ರೇಸಿನ ಹತ್ತಿರ ಸುಳಿಯಬಾರದು ಎಂಬುದು ದಶಕಗಳ ಕಾಲ ಬಹುತೇಕ ತಂಡಗಳ ನಿಯಮವಾಗಿತ್ತು. ಹೆಂಗಸಿನ ಸಹವಾಸ ಕಾಲಿನ ಕಸುವು ಹೀರುತ್ತದೆ ಎಂಬ ನಂಬಿಕೆ ಒಂದು ಕಡೆ. ಮನೆಯ ನೆನಪಾದವನು ಬೆಟ್ಟ ಹತ್ತಲಾರ ಎಂಬ ಭಯ ಇನ್ನೊಂದು ಕಡೆ. ಮೊದಲನೆಯದು ಮೂಢನಂಬಿಕೆ. ಎರಡನೆಯದರಲ್ಲಿ ಸ್ವಲ್ಪ ಸತ್ಯವಿದೆ ಎಂದೇ ನನಗನ್ನಿಸುತ್ತದೆ, ಆದರೆ ಅದಕ್ಕೆ ತೆತ್ತ ಬೆಲೆಯನ್ನು ಯಾವ ತಂಡದ ವ್ಯವಸ್ಥಾಪಕನೂ ತನ್ನ ಲೆಕ್ಕದ ಪುಸ್ತಕದಲ್ಲಿ ಬರೆದುಕೊಳ್ಳಲಿಲ್ಲ.

ಇಟಲಿಯಲ್ಲಂತೂ ಸವಾರನ ಸಂಸಾರ ಕೋರ್ಟು ಕಚೇರಿಯ ವಿಷಯವೇ ಆಯಿತು. ಫಾಸ್ಟೊ ಕೊಪ್ಪಿ ತನ್ನ ಹೆಂಡತಿಯನ್ನು ಬಿಟ್ಟು, ಒಬ್ಬ ವೈದ್ಯರ ಹೆಂಡತಿಯಾಗಿದ್ದ ಜೂಲಿಯಾ ಒಕ್ಕಿನಿಯ ಜೊತೆ ಬಾಳತೊಡಗಿದಾಗ ಅಲ್ಲಿ ವ್ಯಭಿಚಾರ ಅಪರಾಧವಾಗಿತ್ತು. ಜೂಲಿಯಾ ಜೈಲು ಕಂಡಳು, 1955ರಲ್ಲಿ ಇಬ್ಬರಿಗೂ ಶಿಕ್ಷೆಯಾಯಿತು. ಅದೇ ವರ್ಷ ಹುಟ್ಟಿದ ಮಗನಿಗೆ ಅಪ್ಪನ ಹೆಸರು ಸಿಗಲೆಂದು ಅವಳು ಅರ್ಜೆಂಟೀನಾದ ಬ್ಯೂನಸ್ ಐರಿಸ್‌ಗೆ ಹೋಗಿ ಹೆತ್ತಳು. ಆ ಹುಡುಗನಿಗೆ ಐದು ತುಂಬುವ ಮೊದಲೇ, 1960ರ ಜನವರಿ 2ರಂದು, ಕೊಪ್ಪಿ ಮಲೇರಿಯಾದಿಂದ ತೀರಿಕೊಂಡ.

ಫ್ರಾನ್ಸಿನ ಜಾಕ್ ಅಂಕೆಟಿಲ್ ಈ ನಿಯಮವನ್ನು ಲೆಕ್ಕಕ್ಕೇ ಇಟ್ಟುಕೊಳ್ಳದವನು. ಟೂರ್ ಅನ್ನು ಐದು ಸಲ ಗೆದ್ದವನಿಗೆ ಯಾರು ಏನು ಹೇಳಿಯಾರು? 1958ರಲ್ಲಿ ಮದುವೆಯಾದ ಜಾನೀನ್ ರೇಸಿನಿಂದ ರೇಸಿಗೆ ರಾತ್ರಿಯೆಲ್ಲ ಕಾರು ಓಡಿಸುತ್ತಿದ್ದಳು, ಆತ ಪಕ್ಕದಲ್ಲಿ ನಿದ್ದೆ ಮಾಡುತ್ತಿದ್ದ. ಸೈಕಲ್ ಲೋಕ ಇದನ್ನು ದೊಡ್ಡ ಪ್ರೇಮಕಥೆಯಾಗಿ ಹೇಳುತ್ತದೆ. ಜಾನೀನ್‌ಗೆ ಮೊದಲ ಮದುವೆಯಿಂದ ಇಬ್ಬರು ಮಕ್ಕಳಿದ್ದರು. ಕಾರಿನ ಕಥೆಯಲ್ಲಿ ಅವರ ಸುಳಿವಿಲ್ಲ.

ಎಡ್ಡಿ ಮರ್ಕ್ಸ್‌ನ 1972ನೇ ವರ್ಷವನ್ನು ನೋಡಿ. ಮೇ-ಜೂನ್‌ನಲ್ಲಿ ಇಟಲಿಯ ಜಿರೋ ಗೆದ್ದ. ಜುಲೈಯಲ್ಲಿ ಟೂರ್ ಗೆದ್ದ. ಆಗಸ್ಟ್ 8ಕ್ಕೆ ಮಗ ಆಕ್ಸೆಲ್ ಹುಟ್ಟಿದ. ಅಕ್ಟೋಬರ್ 25ಕ್ಕೆ ಮರ್ಕ್ಸ್ ಮೆಕ್ಸಿಕೊ ನಗರದಲ್ಲಿ ಒಂದು ಗಂಟೆಯಲ್ಲಿ 49.431 ಕಿಲೋಮೀಟರ್ ಓಡಿ ವಿಶ್ವದಾಖಲೆ ಮಾಡಿದ. ವರ್ಷಕ್ಕೆ ನೂರಕ್ಕೂ ಹೆಚ್ಚು ದಿನ ರೇಸ್ ಓಡುತ್ತಿದ್ದವನು ಆತ. ಸೈಕಲ್ ಪ್ರಿಯರು ಇದನ್ನು ಒಬ್ಬ ಸವಾರನ ಅತಿ ಶ್ರೇಷ್ಠ ವರ್ಷಗಳಲ್ಲಿ ಒಂದೆನ್ನುತ್ತಾರೆ, ಒಪ್ಪುವ ಮಾತೇ. ಆ ವರ್ಷ ಬೆಲ್ಜಿಯಂನ ಆ ಮನೆಯಲ್ಲಿ ಎರಡು ವರ್ಷದ ಮಗಳೂ ಇದ್ದಳು ಎಂಬುದನ್ನು ಜೊತೆಗೆ ನೆನಪಿಡಬೇಕು. ಮಕ್ಕಳೊಡನೆ ಇದ್ದವಳು ತಾಯಿ ಕ್ಲೋಡೀನ್. ಆಕ್ಸೆಲ್ ಕೂಡ ಸವಾರನಾದ, 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ.

ಹೋಟೆಲಿನ ಬಾಗಿಲನ್ನು ನಿಜಕ್ಕೂ ತಳ್ಳಿದವನು ಅಮೆರಿಕದ ಗ್ರೆಗ್ ಲೆಮಂಡ್. 1980ರ ದಶಕದ ಆರಂಭದಲ್ಲಿ ಹೆಂಡತಿ ಕ್ಯಾಥಿಯ ಜೊತೆ ಯುರೋಪಿಗೆ ಬಂದ ಅವನಿಗೆ ಅಲ್ಲಿ ನಂಟರಿಲ್ಲ, ಭಾಷೆಯಿಲ್ಲ. ಬೆಲ್ಜಿಯಂ ಸವಾರ ರೇಸ್ ಮುಗಿಸಿ ಎರಡು ತಾಸಿನಲ್ಲಿ ಮನೆ ಸೇರುತ್ತಿದ್ದ, ಇವನ ಮನೆ ಸಾಗರದಾಚೆ. ಪರವೂರಿನಲ್ಲಿ ಸಂಸಾರ ಹೂಡಿದ ನಮ್ಮಂಥ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕ್ಯಾಥಿ ರೇಸಿಗೆ ಬರುತ್ತಿದ್ದಳು, ಯುರೋಪಿನ ಹಳಬರು ಹುಬ್ಬೇರಿಸುತ್ತಿದ್ದರು. 1986ರಲ್ಲಿ ಲೆಮಂಡ್ ಟೂರ್ ಗೆದ್ದ ಮೇಲೆ ಆ ಹುಬ್ಬುಗಳು ಸ್ವಲ್ಪ ಇಳಿದವು. 1987ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬೇಟೆಗೆ ಹೋದಾಗ ಗುಂಡಿನ ಚೂರುಗಳು ಮೈತುಂಬ ಹೊಕ್ಕು ಆತ ಸಾವಿನಂಚಿಗೆ ಹೋಗಿ ಬಂದ. ಕ್ಯಾಥಿ ಆಗ ಎರಡನೇ ಮಗುವಿನ ಬಸುರಿ. ಎರಡು ವರ್ಷ ಕಳೆದು, 1989ರಲ್ಲಿ, ಕೇವಲ 8 ಸೆಕೆಂಡಿನ ಅಂತರದಲ್ಲಿ ಮತ್ತೆ ಟೂರ್ ಗೆದ್ದ.

ಇಂದು ಆ ಬಾಗಿಲು ಎಷ್ಟೋ ತೆರೆದಿದೆ. ವಿಶ್ರಾಂತಿ ದಿನ ಹೋಟೆಲಿನ ಅಂಗಳದಲ್ಲಿ ತಳ್ಳುಗಾಡಿಗಳು ಕಾಣುತ್ತವೆ. ಗೆದ್ದವರು ಪ್ಯಾರಿಸ್‌ನಲ್ಲಿ ಮಗುವನ್ನೆತ್ತಿಕೊಂಡೇ ಪೋಡಿಯಂ ಹತ್ತುವುದು ರೂಢಿಯಾಗಿದೆ. 2016ರಲ್ಲಿ ಕ್ರಿಸ್ ಫ್ರೂಮ್ ಕೈಯಲ್ಲಿ ಏಳು ತಿಂಗಳ ಮಗನಿದ್ದ. 2022ರಲ್ಲಿ ಮತ್ತು 2023ರಲ್ಲಿ ಡೆನ್ಮಾರ್ಕಿನ ಯೋನಸ್ ವಿಂಗೆಗಾರ್ಡ್ ಜೊತೆ ಅವನ ಪುಟ್ಟ ಮಗಳು. ವಿಂಗೆಗಾರ್ಡ್ ಗೆರೆ ದಾಟಿದ ಕೂಡಲೇ ಮನೆಗೆ ಫೋನ್ ಮಾಡುವುದನ್ನು ಟಿವಿಯಲ್ಲಿ ಎಲ್ಲರೂ ನೋಡಿದ್ದಾರೆ. ಚಿತ್ರ ಮುದ್ದಾಗಿದೆ, ನನಗೂ ಇಷ್ಟ. ಆದರೆ ಪೋಡಿಯಂ ಮೇಲಿನ ಮಗು ಗೆದ್ದವನ ಮಗು. ನೂರಮೂವತ್ತನೆಯವನಾಗಿ ಬಂದವನ ಮಗು ಎಲ್ಲೋ ತಂಡದ ಬಸ್ಸಿನ ಪಕ್ಕ ಅಮ್ಮನ ಹೆಗಲ ಮೇಲೆ ಮಲಗಿರುತ್ತದೆ.

ಇನ್ನೊಂದು ಮಾತೂ ಇದೆ, ಅದನ್ನು ರಸ್ತೆ ಬದಿಯಲ್ಲಿ ನಿಂತ ಯಾರೂ ಬಾಯಿಬಿಟ್ಟು ಆಡುವುದಿಲ್ಲ. 1995ರ ಜುಲೈ 18ರಂದು ಪಿರನೀಸ್‌ನ ಪೋರ್ತೆ ದಾಸ್ಪೆ ಇಳಿಜಾರಿನಲ್ಲಿ ಫಾಬಿಯೊ ಕಸಾರ್ತೆಲ್ಲಿ ಬಿದ್ದು ಸತ್ತ. ಬಾರ್ಸಿಲೋನಾ ಒಲಿಂಪಿಕ್ಸ್‌ನ ಚಿನ್ನ ಗೆದ್ದವನು, ವಯಸ್ಸು 24. ಮನೆಯಲ್ಲಿ ಹಸುಗೂಸು. ಮರುದಿನ ಯಾರೂ ಸ್ಪರ್ಧಿಸಲಿಲ್ಲ. ಇಡೀ ಗುಂಪು ನಿಧಾನವಾಗಿ ಸಾಗಿ, ಅವನ ತಂಡದವರನ್ನು ಮುಂದೆ ಬಿಟ್ಟು ಗೆರೆ ದಾಟಿತು. ಆ ಸೈಕಲ್ ಇಂದು ಕೋಮೊ ಸರೋವರದ ಬಳಿ, ಸವಾರರ ದೇವಿಯೆಂದೇ ಹೆಸರಾದ ಮದೊನ್ನಾ ದೆಲ್ ಗಿಸಾಲ್ಲೊ ಗುಡಿಯಲ್ಲಿದೆ. 2011ರ ಮೇ 9ರಂದು ಜಿರೋದ ಇಳಿಜಾರೊಂದರಲ್ಲಿ ಬೆಲ್ಜಿಯಂನ ವೌಟರ್ ವೇಲಾಂಟ್ ಸತ್ತಾಗ ಅವನ ಸಂಗಾತಿ ಬಸುರಿ. ಮಗಳು ಹುಟ್ಟಿದ್ದು ಆ ಸೆಪ್ಟೆಂಬರಿನಲ್ಲಿ. ಅವನು ತೊಟ್ಟಿದ್ದ 108ನೇ ಸಂಖ್ಯೆಯನ್ನು ಜಿರೋ ಮತ್ತೆ ಯಾರಿಗೂ ಕೊಡುವುದಿಲ್ಲ. 2024ರ ಏಪ್ರಿಲ್‌ನಲ್ಲಿ ವಿಂಗೆಗಾರ್ಡ್ ಸ್ಪೇನಿನಲ್ಲಿ ಬಿದ್ದು ಶ್ವಾಸಕೋಶಕ್ಕೆ ಪೆಟ್ಟು ಮಾಡಿಕೊಂಡ. ಜುಲೈಯಲ್ಲಿ ಟೂರ್‌ನ ಒಂದು ಹಂತ ಗೆದ್ದಾಗ ಮಾತು ಹೊರಡದೆ ಅತ್ತ. ಇಳಿಜಾರಿನ ಮೇಲಿಂದ ಬರುವ ಮೊದಲ ಹೆಲ್ಮೆಟ್‌ಗಾಗಿ ಕಾಯುವ ಮನೆಯವರ ಎದೆಯಲ್ಲಿ ಇದೆಲ್ಲ ಇರುತ್ತದೆ. ಮಕ್ಕಳು ಆಗ ಮಿಠಾಯಿ ಎಣಿಸುತ್ತಿರುತ್ತಾರೆ.

ಇಲ್ಲಿಯವರೆಗೆ ಹೇಳಿದ್ದರಲ್ಲಿ ಸೈಕಲ್ ಮೇಲೆ ಅಪ್ಪ, ರಸ್ತೆ ಬದಿಯಲ್ಲಿ ಅಮ್ಮ. ಅದು ತಿರುಗುಮುರುಗಾದಾಗ ಆಟ ಬೇರೆ ರೀತಿ ಯೋಚಿಸಬೇಕಾಯಿತು. ಅಪ್ಪ ಮಗುವನ್ನು ಮನೆಯಲ್ಲಿ ಬಿಟ್ಟು ಬಂದಿದ್ದಾನೆಂದರೆ ಮಗು ಯಾರ ಹತ್ತಿರ ಎಂದು ಯಾರೂ ಕೇಳುತ್ತಿರಲಿಲ್ಲ. ಅಮ್ಮ ಬಂದರೆ ಅದೇ ಮೊದಲ ಪ್ರಶ್ನೆ.

ಅಮೆರಿಕದ ಕ್ರಿಸ್ಟಿನ್ ಆರ್ಮ್‌ಸ್ಟ್ರಾಂಗ್ 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಟೈಮ್ ಟ್ರಯಲ್ ಚಿನ್ನ ಗೆದ್ದು, ಮರುವರ್ಷ ನಿವೃತ್ತಳಾಗಿ, 2010ರಲ್ಲಿ ಮಗನನ್ನು ಹೆತ್ತಳು. ತಿರುಗಿ ಬಂದು 2012ರಲ್ಲಿ ಲಂಡನ್ನಿನಲ್ಲಿ ಚಿನ್ನ ಗೆದ್ದಳು. 2016ರಲ್ಲಿ, 43ನೇ ಹುಟ್ಟುಹಬ್ಬದ ಹಿಂದಿನ ದಿನ, ರಿಯೊದ ಮಳೆಯಲ್ಲಿ ಮೂರನೆಯದು. ಗೆರೆ ದಾಟಿ ಬಿದ್ದುಕೊಂಡು ಅಳುತ್ತಿದ್ದವಳನ್ನು ಮಗ ಕೇಳಿದ್ದು, ಗೆದ್ದಿದ್ದೀಯಲ್ಲ, ಅಳುವುದೇಕೆ ಎಂದು.

ಇಂಗ್ಲೆಂಡಿನ ಲಿಜ್ಜಿ ಡೇಗ್ನನ್ ಬಸುರಿಯಾಗಿದ್ದಾಗಲೇ ಹೊಸ ತಂಡವೊಂದು ಆಕೆಯೊಡನೆ ಒಪ್ಪಂದ ಮಾಡಿಕೊಂಡಿತು. ಮಗಳು 2018ರ ಸೆಪ್ಟೆಂಬರಿನಲ್ಲಿ ಹುಟ್ಟಿದಳು. ಗಂಡ ಫಿಲಿಪ್ ತಾನೂ ವೃತ್ತಿಪರ ಸವಾರ. ಆ ವರ್ಷ ಅವನು ನಿವೃತ್ತನಾಗಿ ಮಗು ನೋಡಿಕೊಂಡ, ಇವಳು ರೇಸಿಗೆ ಮರಳಿದಳು. 2020ರಿಂದ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಮಹಿಳೆಯರ ಮೇಲ್ದರ್ಜೆ ತಂಡಗಳಿಗೆ ಹೆರಿಗೆ ರಜೆಯ ನಿಯಮ ತಂದಿತು: ಮೂರು ತಿಂಗಳು ಪೂರ್ತಿ ಸಂಬಳ, ಮುಂದಿನ ಐದು ತಿಂಗಳು ಅರ್ಧ. ಟೂರ್ ಹುಟ್ಟಿದ 117 ವರ್ಷಗಳ ಮೇಲೆ, ಸವಾರರಿಗೂ ಮಕ್ಕಳಿರುತ್ತಾರೆ ಎಂದು ನಿಯಮಾವಳಿ ಒಪ್ಪಿಕೊಂಡಂತಾಯಿತು. 2021ರ ಅಕ್ಟೋಬರ್ 2ರಂದು ಮಹಿಳೆಯರಿಗೆ ಮೊದಲ ಬಾರಿ ನಡೆದ ಪ್ಯಾರಿಸ್-ರೂಬೆ ರೇಸಿನಲ್ಲಿ, ಮಳೆಗೆ ನೆಂದ ಕಲ್ಲುಹಾಸಿನ ಮೇಲೆ 80 ಕಿಲೋಮೀಟರ್ ಒಬ್ಬಳೇ ಮುಂದೆ ಓಡಿ ಡೇಗ್ನನ್ ಗೆದ್ದಳು. ಹ್ಯಾಂಡಲಿಗೆ ಅಂಗೈಯ ರಕ್ತ ಮೆತ್ತಿತ್ತು.

ಡೇಗ್ನನ್ ಹುಟ್ಟಿದ್ದು ಯಾರ್ಕ್‌ಷೈರಿನ ಓಟ್ಲಿ ಎಂಬ ಪೇಟೆಯಲ್ಲಿ. ಆ ಊರಿನ ಸೈಕಲ್ ಕ್ಲಬ್ 1967ರಲ್ಲಿ ನಡೆಸಿದ ಹನ್ನೆರಡು ಗಂಟೆಗಳ ರೇಸಿನಲ್ಲಿ ಇನ್ನೊಬ್ಬ ತಾಯಿ ಓಡಿದ್ದಳು. ಮಾರ್ಲಿಯ ಬೆರಿಲ್ ಬರ್ಟನ್, ಹನ್ನೊಂದು ವರ್ಷದ ಮಗಳ ಅಮ್ಮ, ಜೀವನಕ್ಕೆ ತೋಟದಲ್ಲಿ ಕೂಲಿ. ಆ ದಿನ ಆಕೆ ಓಡಿದ್ದು 277.25 ಮೈಲಿ, ಅಂದರೆ 446 ಕಿಲೋಮೀಟರ್. ಅದೇ ರೇಸಿನಲ್ಲಿ ಪುರುಷರ ಹೊಸ ದಾಖಲೆ ಮಾಡುತ್ತಿದ್ದ ಮೈಕ್ ಮೆಕ್‌ನಮಾರಾನನ್ನು ಹಿಂದೆ ಹಾಕುವಾಗ ಅವನ ಕೈಗೊಂದು ಮಿಠಾಯಿ ಕೊಟ್ಟು ಹೋದಳು. ಅವಳ ಆ ಗುರುತನ್ನು ಇನ್ನೊಬ್ಬ ಹೆಂಗಸು ದಾಟಲು 2017 ಬರಬೇಕಾಯಿತು.

ಬೆರಿಲ್ ವೃತ್ತಿಪರಳಾಗಲು ಒಪ್ಪಲಿಲ್ಲ. ಏಳು ಸಲ ವಿಶ್ವ ಚಾಂಪಿಯನ್ ಆದರೂ ದುಡ್ಡಿಗೆ ಓಡಲಿಲ್ಲ. ತಂಡವಿಲ್ಲ, ವ್ಯವಸ್ಥಾಪಕನಿಲ್ಲ, ಬಾಗಿಲು ಮುಚ್ಚಲು ಹೋಟೆಲೇ ಇಲ್ಲ. ಗಂಡ ಚಾರ್ಲಿ ಕಾರು ಓಡಿಸುತ್ತಿದ್ದ, ಸೈಕಲ್ ರಿಪೇರಿ ಮಾಡುತ್ತಿದ್ದ, ಮಗಳನ್ನು ನೋಡಿಕೊಳ್ಳುತ್ತಿದ್ದ. ಮಗಳು ಡೆನಿಸ್‌ಗೆ ಅಮ್ಮನ ರೇಸ್ ದೂರದ ಊರಿನ ಸುದ್ದಿಯಾಗಿರಲಿಲ್ಲ, ವಾರಾಂತ್ಯದ ಕೆಲಸವಾಗಿತ್ತು. 1972ರಲ್ಲಿ ಅಮ್ಮ ಮಗಳು ಇಬ್ಬರೂ ಬ್ರಿಟನ್ ತಂಡಕ್ಕೆ ಆಯ್ಕೆಯಾಗಿ ವಿಶ್ವ ಚಾಂಪಿಯನ್‌ಶಿಪ್‌ಗೆ ಹೋದರು.

ಹತ್ತಿರವಿದ್ದುದರಿಂದ ಎಲ್ಲವೂ ಸುಖವಾಗಿತ್ತು ಎಂದಲ್ಲ. 1976ರ ರಾಷ್ಟ್ರೀಯ ರೇಸಿನಲ್ಲಿ ಡೆನಿಸ್ ಕೊನೆಯ ಗಳಿಗೆಯಲ್ಲಿ ಅಮ್ಮನನ್ನು ಸೋಲಿಸಿ ಗೆದ್ದಳು. ಮಗಳು ಮುಂದೆ ನಿಂತು ಗಾಳಿ ಎದುರಿಸುವ ತನ್ನ ಪಾಲಿನ ಕೆಲಸ ಮಾಡಲಿಲ್ಲ ಎಂದು ಬೆರಿಲ್‌ಗೆ ಸಿಟ್ಟು. ಪೋಡಿಯಂ ಮೇಲೆ, ಎಲ್ಲರೆದುರು, ಮಗಳ ಕೈ ಕುಲುಕಲಿಲ್ಲ. ಅಮ್ಮ ಹಾಗೆ ಮಾಡಬಾರದಿತ್ತು ಎಂದು ನಮಗೆ ಸುಲಭವಾಗಿ ಅನ್ನಿಸುತ್ತದೆ. ಅವಳಿಗೂ ಅನ್ನಿಸಿತು, ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಳು. 1982ರಲ್ಲಿ ಇಬ್ಬರೂ ಒಂದೇ ಜೋಡಿ ಸೈಕಲ್ ಹತ್ತಿ, ಹಿಂದೊಬ್ಬರು ಮುಂದೊಬ್ಬರು ಕೂತು ತುಳಿದು, ಹತ್ತು ಮೈಲಿಯ ಬ್ರಿಟಿಷ್ ದಾಖಲೆ ಮಾಡಿದರು: 21 ನಿಮಿಷ 25 ಸೆಕೆಂಡು.