ಮಡಿಕೇರಿ ದಶಮಂಟಪಗಳು

ಮಡಿಕೇರಿ ದಸರೆಯ ವಿಜಯದಶಮಿ ರಾತ್ರಿ ನಗರದ ಹತ್ತು ದೇವಾಲಯಗಳಿಂದ ಹೊರಡುವ ಚಲಿಸುವ ಕಲಾಕೃತಿಗಳು. ಕೊಡಗನ್ನು ಆಳಿದ ಹಾಲೇರಿ ಅರಸರ ಕಾಲದಲ್ಲಿ ಸಾಂಕ್ರಾಮಿಕ ರೋಗ ಹರಡಿದಾಗ ಶಕ್ತಿದೇವತೆಗಳ ಕರಗ ಹೊರಡಿಸಿದ್ದೇ ಈ ದಸರೆಯ ಮೂಲವೆಂಬ ನಂಬಿಕೆಯಿದೆ. ಇಂದಿಗೂ ನಾಲ್ಕು ಶಕ್ತಿದೇವತೆಗಳ ದೇವಾಲಯಗಳ ಕರಗಗಳು ನವರಾತ್ರಿಯ ಆರಂಭದಲ್ಲಿ ಪಂಪಿನಕೆರೆಯಿಂದ ನಗರ ಪ್ರವೇಶಿಸುತ್ತವೆ.

ಮಂಟಪವೆಂದರೆ ಟ್ರ್ಯಾಕ್ಟರ್ ಟ್ರೇಲರ್ ಮೇಲೆ ಕಟ್ಟಿದ ಪುರಾಣದೃಶ್ಯ. ರಾಕ್ಷಸ ಎದ್ದು ನಿಲ್ಲುತ್ತಾನೆ, ಕತ್ತು ಹೊರಳಿಸುತ್ತಾನೆ, ಕೈಯೆತ್ತುತ್ತಾನೆ. ಎದುರಿಗೆ ದೇವಿಯ ತ್ರಿಶೂಲ ಮುಂದೆ ಬರುತ್ತದೆ. ಚಲನೆ, ಹೊಗೆ, ಬೆಳಕು, ಸಂಭಾಷಣೆ ಎಲ್ಲವೂ ಒಂದೇ ತಾಳಕ್ಕೆ ಕೂಡಬೇಕು. ಮಂಟಪದ ಹಿಂದೆ ಬಣ್ಣದ ಬಲ್ಬುಗಳ ಎತ್ತರದ ಬೋರ್ಡು ಇರುತ್ತದೆ. ಪೇಟೆ ಶ್ರೀರಾಮಮಂದಿರದ ಮಂಟಪ ಮೊದಲು ಹೊರಡುವುದು ಸಂಪ್ರದಾಯ. ಕೋಟೆ ಮಹಾಗಣಪತಿ, ದೇಚೂರು ಶ್ರೀರಾಮಮಂದಿರ, ಚೌಡೇಶ್ವರಿ, ಕರವಲೆ ಭಗವತಿ ಮೊದಲಾದ ದೇವಾಲಯಗಳ ಮಂಟಪಗಳೂ ಇದರಲ್ಲಿವೆ. ತೀರ್ಪುಗಾರರು ಅಂಕ ನೀಡಿ ಬಹುಮಾನ ಘೋಷಿಸುತ್ತಾರೆ.

ಈ ಕಲೆಯ ದೊಡ್ಡ ಸಾಧನೆ, ಉಳಿದ ದಿನ ಯಾರೂ ನಿಂತು ನೋಡದ ಏರಿಳಿತದ ಇಕ್ಕಟ್ಟು ಬೀದಿಗಳನ್ನೇ ರಂಗಮಂದಿರ ಮಾಡುವುದು. ಕಲಾವಿದ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಬೆಂಗಳೂರಿನ ರಸ್ತೆಗುಂಡಿಯಲ್ಲಿ ಮೊಸಳೆಯ ಶಿಲ್ಪವಿಟ್ಟು ಜನರ ಗಮನ ಸೆಳೆದರು. ಹೀಗೆ ಬೀದಿಯನ್ನೇ ಕಲೆಯ ತಾಣವಾಗಿಸುವ ಕೆಲಸವನ್ನು ಮಡಿಕೇರಿಯಲ್ಲಿ ಬಡಾವಣೆಯ ಯುವಕರ ಸಮಿತಿಗಳು ತಲೆಮಾರುಗಳಿಂದ, ಚಂದಾ ಎತ್ತಿ, ನಿದ್ದೆಗೆಟ್ಟು ಮಾಡುತ್ತಿವೆ. ಕಲೆಯ ಚರಿತ್ರೆಯಲ್ಲಿ ಇವರಿಗೆ ಸಲ್ಲಬೇಕಾದ ಸ್ಥಾನ ಇನ್ನೂ ಸಂದಿಲ್ಲ. ಬೆಳಗಿನ ಜಾವ ಮೆರವಣಿಗೆ ಮುಗಿದ ಮೇಲೆ ಮಂಟಪಗಳನ್ನು ಬಿಚ್ಚಲಾಗುತ್ತದೆ.