ಎರಡು ಸೂರ್ಯೋದಯಗಳ ಹಾರಾಟ

1942ರ ಫೆಬ್ರುವರಿ 15ರಂದು ಸಿಂಗಪುರವು ಜಪಾನೀಯರ ವಶವಾಗಲು, ಇಂಗ್ಲೆಂಡಿನಿಂದ ಆಸ್ಟ್ರೇಲಿಯಾದವರೆಗೆ ಮಜಲು ಮಜಲಾಗಿ ಸಾಗುತ್ತಿದ್ದ ವಿಮಾನಮಾರ್ಗವು ನಡುವೆಯೇ ಕಡಿದುಹೋಯಿತು. ಅದನ್ನು ಮರಳಿ ಕೂಡಿಸಲೆಂದು ಆರಿಸಿಕೊಂಡ ದಾರಿಯೋ ಅತ್ಯಂತ ದುರ್ಗಮವಾದುದು: ಪರ್ತ್ ನಗರದ ಸ್ವಾನ್ ನದಿಯಿಂದ ಮೇಲೆದ್ದು, ಎಲ್ಲಿಯೂ ಇಳಿಯದೆ, ಹಿಂದೂ ಮಹಾಸಾಗರವನ್ನು ಓರೆಯಾಗಿ ದಾಟಿ, ಸಿಂಹಳದ ದಕ್ಷಿಣ ತೀರದ ಕೊಗ್ಗಲ ಸರೋವರವನ್ನು ಸೇರುವುದು. ದೂರ ಸುಮಾರು 5,600 ಕಿಲೋಮೀಟರು. 1943ರ ಮಧ್ಯಭಾಗದಲ್ಲಿ ಕ್ವಾಂಟಾಸ್ ಸಂಸ್ಥೆಯು ಈ ಸೇವೆಗೆ ತೊಡಗಿತು. ಅದಕ್ಕೆ ಒದಗಿದುವು ನೀರಿನ ಮೇಲಿಳಿಯುವ ಐದು ಕ್ಯಾಟಲಿನಾ ವಿಮಾನಗಳು.

ಗಂಟೆಗೆ ಸುಮಾರು 200 ಕಿಲೋಮೀಟರಿನಂತೆ ಸಾಗುವ ಆ ವಿಮಾನವು ಇಷ್ಟು ದೂರವನ್ನು ಒಂದೇ ಉಸಿರಿಗೆ ಕ್ರಮಿಸಬೇಕಾದರೆ ಅದರ ಹೊಟ್ಟೆಯ ತುಂಬ ಇಂಧನವೇ ಇರಬೇಕಾಗಿದ್ದುದರಿಂದ, ಮೂವರು ಪ್ರಯಾಣಿಕರಿಗೂ 69 ಕಿಲೋಗ್ರಾಮಿನಷ್ಟು ಅಂಚೆಗೂ ಮಾತ್ರ ಅದರಲ್ಲಿ ಎಡೆಯಿದ್ದಿತು. ಸಾಮಾನ್ಯವಾಗಿ ಒಂದು ಹಗಲು ಒಂದು ರಾತ್ರಿಗಳನ್ನು ಮೀರುತ್ತಿದ್ದ ಪ್ರಯಾಣವು, ಎದುರುಗಾಳಿ ಪ್ರಬಲಿಸಿದ ಒಂದು ಸಂದರ್ಭದಲ್ಲಿ 32 ಗಂಟೆ 9 ನಿಮಿಷಗಳವರೆಗೆ ಬೆಳೆಯಿತು. ಒಂದೇ ಹಾರಾಟದಲ್ಲಿ ಎರಡು ಸೂರ್ಯೋದಯಗಳನ್ನು ಕಂಡ ಪ್ರಯಾಣಿಕರಿಗೆ ಅದರ ಹೆಸರಿನಲ್ಲೇ ಒಂದು ಪ್ರಶಸ್ತಿಪತ್ರವನ್ನು ಕೊಡುತ್ತಿದ್ದರು.

ಆದರೆ ಈ ಕಥೆಯ ನಿಜವಾದ ಗೌರವವು ಸಲ್ಲಬೇಕಾದುದು ದಿಕ್ಕನ್ನು ಗಣಿಸಿದವರಿಗೆ. ಶತ್ರುವಿಮಾನಗಳು ಸುಳಿದಾಡುತ್ತಿದ್ದ ಕಡಲಿನ ಮೇಲೆ ರೇಡಿಯೋ ಮೌನವನ್ನು ಕಾಯಬೇಕಾಗಿದ್ದುದರಿಂದ, ಕತ್ತಲೆಯಲ್ಲಿ ನಕ್ಷತ್ರಗಳ ಉನ್ನತಿಯನ್ನು ಅಳೆದು, ಕಾಲಮಾಪಕವನ್ನು ನೋಡಿ, ನಕ್ಷೆಯ ಮೇಲೆ ತಾವಿರುವ ಬಿಂದುವನ್ನು ಅವರು ಸ್ವತಃ ಗುರುತಿಸಿಕೊಳ್ಳುತ್ತಿದ್ದರು. ಎಣಿಕೆ ತುಸು ತಪ್ಪಿದರೂ ಇಂಧನ ಮುಗಿಯುವುದರೊಳಗೆ ದ್ವೀಪವು ಕಣ್ಣಿಗೆ ಬೀಳದೆ ಹೋಗಬಹುದಾಗಿತ್ತು. ವಿಮಾನಗಳಿಗಿಟ್ಟ ಹೆಸರುಗಳೂ ದಾರಿ ತೋರಿದ ತಾರೆಗಳವೇ: ನಾವು ಶ್ರವಣ, ಅಭಿಜಿತ್, ಜ್ಯೇಷ್ಠಾ, ಚಿತ್ರಾ ಎಂದು ಕರೆಯುವ ನಾಲ್ಕು, ಮತ್ತು ಮಹಾವ್ಯಾಧದ ಪಾದದಲ್ಲಿ ಬೆಳಗುವ ರೈಜೆಲ್. ಇದೇ ಜಾತಿಯ ಕ್ಯಾಟಲಿನಾಗಳು ಆ ಯುದ್ಧಕಾಲದಲ್ಲಿ ದುರಸ್ತಿಗಾಗಿ ಬೆಂಗಳೂರಿನ ವಿಮಾನ ಕಾರ್ಖಾನೆಗೆ ಬರುತ್ತಿದ್ದುವು, ಬೆಳ್ಳಂದೂರು ಕೆರೆಯ ನೀರಿನ ಮೇಲೆ ಇಳಿಯುತ್ತಿದ್ದುವು ಎಂಬುದನ್ನು ನಮ್ಮವರಲ್ಲಿ ಬಲ್ಲವರು ವಿರಳ.

2018ರಿಂದ ಪರ್ತಿನಿಂದ ಲಂಡನ್ನಿಗೆ ಸುಮಾರು 14,500 ಕಿಲೋಮೀಟರುಗಳನ್ನು ಎಲ್ಲಿಯೂ ತಂಗದೆ ಸುಮಾರು 17 ಗಂಟೆಗಳಲ್ಲಿ ಕ್ರಮಿಸುವ ವಿಮಾನವಿದೆ. ಅಷ್ಟು ಹೊತ್ತಿನಲ್ಲಿ ಕ್ಯಾಟಲಿನಾ ಇನ್ನೂ ನಡುಗಡಲಿನ ಮೇಲಿರುತ್ತಿದ್ದಿತು. 1945ರ ಜುಲೈಯಲ್ಲಿ ಸೇವೆಯು ನಿಲ್ಲುವವರೆಗೆ ಅವು 271 ಬಾರಿ ಸಾಗರವನ್ನು ದಾಟಿದುವು. ಯುದ್ಧ ಮುಗಿದ ಮೇಲೆ, ಅಮೆರಿಕದ ಎರವಲು ಒಪ್ಪಂದದ ಷರತ್ತಿಗನುಗುಣವಾಗಿ, ಐದನ್ನೂ ಆಸ್ಟ್ರೇಲಿಯಾದ ಕಡಲಿನಲ್ಲಿ ಮುಳುಗಿಸಲಾಯಿತು. ಒಂದನ್ನಾದರೂ ಉಳಿಸಿಕೊಳ್ಳಬೇಕಾಗಿತ್ತು.